ಮೂರು ಕಿ.ಮೀ. ಅಡ್ಡ ಬಾವಿ: ಲೆಕ್ಕ ತುದಿಯಿಂದಲೇ ಶುರು

ಹೊಲದ ಬೋರ್‌ವೆಲ್ ನೆಟ್ಟಗೆ ಇಳಿಯುತ್ತದೆ. ಪೈಪನ್ನು ಕೆಳಗೆ ತಳ್ಳಲು ಅದರ ಭಾರವೇ ಸಾಕು. ಪಶ್ಚಿಮ ಟೆಕ್ಸಾಸಿನ ಪರ್ಮಿಯನ್ ಬೇಸಿನ್‌ನಲ್ಲಿ ಎರಡೂವರೆ ಕಿ.ಮೀ. ಇಳಿದ ತೈಲಬಾವಿ ಪಕ್ಕಕ್ಕೆ ಹೊರಳಿ, ಶೇಲ್ ಎಂಬ ಜೇಡಿಬಂಡೆಯ ಪದರದೊಳಗೆ ಇನ್ನೂ ಮೂರು ಕಿ.ಮೀ. ಸಾಗುತ್ತದೆ. ಅಲ್ಲಿ ಮಲಗಿದ ಪೈಪಿನ ಭಾರ ಮುಂದಕ್ಕೆ ನೂಕುವುದಿಲ್ಲ, ಉಜ್ಜಿ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಕೇಸಿಂಗ್, ಅಂದರೆ ಕೊರೆದ ತೂತಿಗೆ ಒಳಗೋಡೆಯಾಗಿ ಇಳಿಸುವ ಉಕ್ಕಿನ ಪೈಪು, ತುದಿ ಮುಟ್ಟೀತೇ ಎಂಬುದನ್ನೇ ಮೊದಲು ಬಿಡಿಸಿಕೊಳ್ಳಬೇಕು.

ದಿಕ್ಕು, ತಿರುವು

ನೆಲದೊಳಗೆ ಅಡ್ಡ ಒತ್ತಡ ಅತಿ ಕಡಿಮೆ ಇರುವ ದಿಕ್ಕಿಗೇ ಬಾವಿ ಹಾಯಿಸಿ. ಆಗ ಫ್ರ್ಯಾಕಿಂಗ್ (ದ್ರವದ ಒತ್ತಡದಿಂದ ಬಂಡೆ ಸೀಳುವುದು) ಬಿರುಕುಗಳು ಬಾವಿಗೆ ಅಡ್ಡಲಾಗಿ ತೆರೆದು, ಹೆಚ್ಚು ಬಂಡೆ ಸಿಗುತ್ತದೆ. ತಿರುವು 30 ಮೀಟರಿಗೆ 8 ಡಿಗ್ರಿ ಎಂದಿಟ್ಟರೆ ತ್ರಿಜ್ಯ 215 ಮೀ. ಪದರ 2,500 ಮೀ. ಆಳದಲ್ಲಿದ್ದರೆ ಬಾಗಿಸಲು ಶುರು ಮಾಡಬೇಕಾದ್ದು 2,285 ಮೀಟರಿನಲ್ಲಿ. ಬಿಟ್ (ಕೊರೆಯುವ ತಲೆ) ತಿರುಗಿಸುವ ಮೋಟಾರ್ ಮಾತ್ರ 12 ಡಿಗ್ರಿ ಬಾಗಿಸಬಲ್ಲದ್ದಿರಲಿ. ಮೆತ್ತನೆ ಪದರದಲ್ಲಿ ಅದು ಕಾಗದದ ಮೇಲಿನಷ್ಟು ಬಾಗುವುದಿಲ್ಲ; ಹಿಂದೆ ಬಿದ್ದರೆ ಸರಿದೂಗಿಸಲು ಜಾಗ ಬೇಕು.

ಉಜ್ಜುವಿಕೆಯ ಲೆಕ್ಕ

ಐದೂವರೆ ಇಂಚಿನ ಕೇಸಿಂಗ್ ಮೀಟರಿಗೆ 29.8 ಕೆ.ಜಿ. ತೂಗುತ್ತದೆ ಎಂದುಕೊಳ್ಳಿ. ನೀರಿಗಿಂತ 1.2 ಪಟ್ಟು ಭಾರದ ಮಡ್‌ನಲ್ಲಿ (ಕೊರೆಯುವಾಗ ಬಾವಿಯಲ್ಲಿ ಹರಿಸುವ ದ್ರವ) ಮುಳುಗಿದಾಗ ಅದು ಸುಮಾರು 25 ಕೆ.ಜಿ. ಘರ್ಷಣೆ ಅಂಶ 0.3 ಹಿಡಿದರೆ ಮೂರು ಕಿ.ಮೀ.ಗೆ ತಡೆ 22–23 ಟನ್. ನೆಟ್ಟಗಿನ ಭಾಗದಲ್ಲಿ ಅದಕ್ಕಿಂತ ಹೆಚ್ಚು ಭಾರ ತೂಗುತ್ತಿದೆಯಲ್ಲ ಎಂದು ನೆಮ್ಮದಿಪಡಬೇಡಿ. ಒತ್ತಿದಷ್ಟೂ ಪೈಪು ಮೊದಲು ಹಾವಿನಂತೆ, ಆಮೇಲೆ ಸ್ಪ್ರಿಂಗಿನಂತೆ ಸುರುಳಿಯಾಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಅಲ್ಲಿಗೆ ಮೇಲಿನಿಂದ ಎಷ್ಟು ಒತ್ತಿದರೂ ತುದಿ ಅಲುಗುವುದಿಲ್ಲ.

ಉಪಾಯ ಸರಳ: ಅಡ್ಡ ಭಾಗದ ಕೇಸಿಂಗಿನೊಳಗೆ ಮಡ್ ತುಂಬದೆ ಗಾಳಿಯನ್ನೇ ಉಳಿಸಿ ತೇಲಿಸುವುದು. ಭಾರ ಮೀಟರಿಗೆ 11 ಕೆ.ಜಿ. ಆಸುಪಾಸಿಗೆ ಇಳಿದು, ತಡೆ ಹತ್ತು ಟನ್ನಿಗೆ ಬರುತ್ತದೆ. ಹೊರಗಿನ ಒತ್ತಡಕ್ಕೆ ಟೊಳ್ಳು ಪೈಪು ಚಪ್ಪಟೆಯಾಗದೆಂದು ಮೊದಲೇ ಲೆಕ್ಕ ಹಾಕಿ. ಸಿಮೆಂಟ್ ಬಿಡುವ ಮುನ್ನ ಗಾಳಿ ಪೂರ್ತಿ ಹೊರಹಾಕಿ.

ಒತ್ತಡದ ಕಿಂಡಿ

ಹಲವರು ಇಲ್ಲೇ ಎಡವುತ್ತಾರೆ. ಬಾವಿ ಅಡ್ಡಕ್ಕೆ ಬೆಳೆದಂತೆ ಆಳ ಹೆಚ್ಚುವುದಿಲ್ಲ, ಬಂಡೆ ಸೀಳುವ ಒತ್ತಡವೂ ಹೆಚ್ಚುವುದಿಲ್ಲ. ಆದರೆ ಮಡ್ ವಾಪಸು ಬರುವ ದಾರಿ ಉದ್ದವಾಗುತ್ತದೆ. ಪ್ರತಿ ಕಿ.ಮೀ.ಗೆ 6 ಬಾರ್ ತಡೆ ಇದ್ದರೆ ಮೂರಕ್ಕೆ 18 ಬಾರ್, 2,500 ಮೀ. ಆಳದಲ್ಲಿ ಅದು ಮಡ್‌ನ ಸಾಂದ್ರತೆಯನ್ನು ನೀರಿನ 1.2 ಪಟ್ಟಿನಿಂದ 1.27 ಪಟ್ಟಿಗೆ ಏರಿಸಿದಂತೆ. ಗಡಿ ದಾಟಿದರೆ ಬಂಡೆ ಬಾಯಿಬಿಟ್ಟು ಮಡ್ ಕುಡಿಯುತ್ತದೆ.

ಹಾಗೆಂದು ಪಂಪ್ ತಗ್ಗಿಸಿದರೆ ಕಲ್ಲುಪುಡಿ ತಳದಲ್ಲಿ ಕೂರುತ್ತದೆ. ಎಂಟೂವರೆ ಇಂಚಿನ ತೂತಿಗೆ ನಿಮಿಷಕ್ಕೆ 1,900 ಲೀಟರ್, ಕೊರೆಯುವ ಪೈಪಿಗೆ ನಿಮಿಷಕ್ಕೆ 120 ಸುತ್ತುಗಳಿಗಿಂತ ಕಡಿಮೆಯಿಲ್ಲದ ತಿರುಗುವಿಕೆ ಒಳ್ಳೆಯ ಆರಂಭ. ಪುಡಿಯನ್ನು ಎಬ್ಬಿಸುವುದು ಪೈಪಿನ ತಿರುಗುವಿಕೆಯೇ. 40ರಿಂದ 65 ಡಿಗ್ರಿ ಓರೆಯ ಭಾಗ ಎಲ್ಲಕ್ಕಿಂತ ಕೆಟ್ಟದ್ದು: ಪಂಪ್ ನಿಂತ ಕ್ಷಣ ಪುಡಿಯ ರಾಶಿ ಜಾರಿ ಪೈಪನ್ನು ಹೂಳುತ್ತದೆ.

ಅಳತೆ

ಬಾವಿಯ ಓರೆ ಮತ್ತು ದಿಕ್ಕನ್ನು ಸುಮಾರು 30 ಮೀಟರಿಗೊಮ್ಮೆ ಅಳೆಯುತ್ತಾರೆ. ಓರೆಯಲ್ಲಿ ಅರ್ಧ ಡಿಗ್ರಿ ತಪ್ಪು ಹಾಗೇ ಮುಂದುವರಿದರೆ ಮೂರು ಕಿ.ಮೀ. ಕೊನೆಗೆ 26 ಮೀ. ಮೇಲೋ ಕೆಳಗೋ, ಹತ್ತು ಮೀಟರ್ ದಪ್ಪದ ಪದರ ಯಾವತ್ತೋ ಕೈತಪ್ಪಿರುತ್ತದೆ. ಬಂಡೆಯ ಸಹಜ ವಿಕಿರಣ ಅಳೆಯುವ ಗಾಮಾ ಸಂವೇದಕ ಪದರ ಗುರುತಿಸುತ್ತದೆ ನಿಜ, ಆದರೆ ಅದಿರುವುದು ಬಿಟ್‌ಗಿಂತ ಎಷ್ಟೋ ಮೀಟರ್ ಹಿಂದೆ. ಗಾಬರಿಯಿಂದ ಥಟ್ಟನೆ ತಿರುಗಿಸಬೇಡಿ, 30 ಮೀಟರಿಗೆ 2 ಡಿಗ್ರಿಯೊಳಗೇ ಸರಿಪಡಿಸಿ. ಒಂದೊಂದು ಸೊಟ್ಟವೂ ಹಿಂದೆ ಹಾಕಿದ ಉಜ್ಜುವಿಕೆಯ ಲೆಕ್ಕವನ್ನು ಕೆಡಿಸುತ್ತದೆ.

ಇದಕ್ಕಿಂತ ಉದ್ದಕ್ಕೂ ಕೊರೆದದ್ದುಂಟು: ಕತಾರಿನ ಅಲ್ ಶಾಹೀನ್ ತೈಲಕ್ಷೇತ್ರದಲ್ಲಿ 2008ರಲ್ಲಿ 12,289 ಮೀ. ಉದ್ದದ ಬಾವಿ 36 ದಿನಗಳಲ್ಲಿ ಮುಗಿದಿತ್ತು. ಅದರಲ್ಲಿ ಅಡ್ಡ ಭಾಗವೇ 10,902 ಮೀ. ಆದರೆ ಶೇಲ್ ಬಾವಿಯಲ್ಲಿ ಕೊರೆದ ಮೇಲೂ ಕೆಲಸ ಉಳಿದಿರುತ್ತದೆ: ಫ್ರ್ಯಾಕಿಂಗ್ ವೇಳೆ ಬಾವಿಯೊಳಗೆ ಕೂರಿಸಿದ ಬಿರಡೆಗಳನ್ನು ಪುಡಿಮಾಡಲು ಕಾಯಿಲ್ಡ್ ಟ್ಯೂಬಿಂಗ್ (ಉರುಳೆಗೆ ಸುತ್ತಿದ ಉದ್ದನೆ ಉಕ್ಕಿನ ಕೊಳವೆ) ಇಳಿಸಬೇಕು. ಆ ತೆಳು ಕೊಳವೆ ಕೇಸಿಂಗಿಗಿಂತ ಬೇಗ ಸುರುಳಿಗಟ್ಟಿ ನಿಲ್ಲುತ್ತದೆ. ಅದು ತುದಿ ಮುಟ್ಟದಿದ್ದರೆ ತಿರುಗಿಸಬಲ್ಲ ಜೋಡಣೆ ಪೈಪಿನ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ.