ಎದೆಹಾಲಿನ ಮಾತು ಕುಬಸದ ದಿನವೇ

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಮೊದಲ ಕೆಲವು ವರ್ಷ ನಾನು ಒಂದೇ ತಪ್ಪು ಮಾಡಿದೆ. ಚೊಚ್ಚಲ ಬಸಿರಿಯನ್ನು ಕೂರಿಸಿಕೊಂಡು, ತಾಯಿ ಕಾರ್ಡ್ ತೆಗೆದು, 6 ತಿಂಗಳು ಬರೀ ಎದೆಹಾಲು, ನೀರೂ ಬೇಡ ಅಂತ ಹೇಳುತ್ತಿದ್ದೆ. ಅವಳು "ಹೂಂ ರೀ ಅಕ್ಕಾ" ಅನ್ನುತ್ತಿದ್ದಳು. ಮನಸ್ಸಿನಿಂದಲೇ ಅನ್ನುತ್ತಿದ್ದಳು, ಸುಮ್ನೆ ಅಲ್ಲ. ಆಮೇಲೆ ಕುಬಸ (ಸೀಮಂತ) ಆಗಿ ತವರಿಗೆ ಹೋಗಿ, ಹೆರಿಗೆ ಬಾಣಂತನ ಎಲ್ಲಾ ಅಲ್ಲೇ ಮುಗಿಸಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬರುವಾಗ ಚೀಲದಲ್ಲಿ ಹಾಲಿನ ಬಾಟಲಿ ಇರುತ್ತಿತ್ತು.

"ನನಗ ಹಾಲ ಸಾಲಲಿಲ್ರೀ."

ಸಾಲಲಿಲ್ಲ ಅಂದವರು ಯಾರು ಅಂತ ಕೆದಕಿದೆ. ಸಂಜೆ ಕೂಸು ಬಿಡದೆ ಅತ್ತಾಗ ಅವ್ವ ಅಂದಿದ್ದಳು, ನೋಡಲು ಬಂದ ಚಿಗವ್ವ ಅಂದಿದ್ದಳು. ಸಿಸೇರಿಯನ್ ಆದ ಒಬ್ಬಳಿಗೆ ಆಸ್ಪತ್ರೆಯಲ್ಲೇ ಮೊದಲ ರಾತ್ರಿ ಡಬ್ಬಿ ಹಾಲು ಕೈಗೆ ಕೊಟ್ಟಿದ್ದರು. ಅವಳ ಧೈರ್ಯ ಅಲ್ಲಿಗೇ ಮುಗಿದಿತ್ತು.

ಈಗ ನಾನು ಕುಬಸಕ್ಕೇ ಹೋಗುತ್ತೇನೆ, ಕರೆಯದಿದ್ದರೂ. (ಊಟವಂತೂ ಗ್ಯಾರಂಟಿ.) ತವರಿನ ಅವ್ವ, ಅಜ್ಜಿ, ಅತ್ತೆ ಒಂದೇ ಕಡೆ ಸಿಗುವುದು ಆ ದಿನ ಮಾತ್ರ. ಬಸಿರಿಗಿಂತ ಅವರ ಜೊತೆಗೇ ಜಾಸ್ತಿ ಮಾತು.

ಒಬ್ಬ ಅಜ್ಜಿ, ಮೊದಲಿನ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಅಂತ ಹಟ ಹಿಡಿದಳು. "ಆಯಿ, ಎಮ್ಮಿ ಈದಾಗ ಕರಕ್ಕ ಗಿಣ್ಣ ಕುಡಸ್ತೀರಿಲ್ಲೋ?" ಅಂದೆ. "ಕುಡಸ್ಲಿಲ್ಲಂದ್ರ ಕರಾ ಎಲ್ಲಿ ಉಳೀತೈತಿ!" ಅಂದು, ಒಂದು ಗಳಿಗೆ ಸುಮ್ಮನಿದ್ದು, ತಾನೇ ನಕ್ಕಳು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು, ಮೊದಲ ದಿನ ಬರುವ ಕೆಲವು ಚಮಚವೇ ಕೂಸಿಗೆ ಸಾಕು ಅನ್ನುವುದನ್ನು ಆಮೇಲೆ ಹೇಳಿದೆ.

ನೀರಿನದು ಕಷ್ಟದ ಮಾತು. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಕೂಸಿಗೆ ನೀರು ಬೇಡವೇ ಅಂತ ಕೇಳುವುದು ನ್ಯಾಯವೇ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ, ಬಿಸಿಲು ಜಾಸ್ತಿಯಾದರೆ ಎರಡು ಸಲ ಹೆಚ್ಚು ಕುಡಿಸಿ, ನೀರನ್ನು ಬಾಣಂತಿ ಕುಡಿಯಲಿ ಅನ್ನುತ್ತೇನೆ. ಗುಟ್ಟಿ, ಅಂದರೆ ಕೂಸಿಗೆ ತೇಯ್ದು ನೆಕ್ಕಿಸುವ ಮನೆಮದ್ದು, ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಅಪಾಯ. ಡಾಕ್ಟರ್ ಬರೆದ ಹನಿ ಔಷಧಿ ಬೇರೆ, ಅದನ್ನು ಹಾಕಬೇಕು.

ಕಳೆದ ಸಲ ಒಬ್ಬ ಹುಡುಗಿಯ ತವರೂ ನಮ್ಮೂರೇ. ಏಳನೇ ದಿನ ಹೋದರೆ ಅಳುತ್ತಾ ಕೂತಿದ್ದಾಳೆ. "ಎದಿ ಮೆತ್ತಗ ಆಗ್ಯಾವ ಅಕ್ಕಾ, ಹಾಲ ಹೋದ್ವು." ತೊಟ್ಟು ಬೇರೆ ಬಿರಿದಿತ್ತು. ಕೂಸು ಬರೀ ತೊಟ್ಟನ್ನು ಚೀಪುತ್ತಿತ್ತು. ಅದರ ಹೊಟ್ಟೆಯನ್ನು ತಾಯಿ ಹೊಟ್ಟೆಗೆ ತಾಗಿಸಿ, ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಚ್ಚಿದೆ. ಗುಟುಕು ಕೇಳಿಸಿತು.

ಅವಳ ಅವ್ವನಿಗೆ ಇನ್ನೂ ನಂಬಿಕೆ ಇಲ್ಲ. ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆ. ಹಗ್ಗದ ಮೇಲೆ ಹಳೇ ಧೋತರ ಹರಿದು ಮಾಡಿದ ಲಂಗೋಟಿಗಳು. ನಿನ್ನೆ ಬೆಳಗಿನಿಂದ ಒಗೆದದ್ದು ಎಷ್ಟು ಅಂತ ಇಬ್ಬರೂ ಎಣಿಸಿದೆವು. ಎಂಟು, ಬಕೆಟ್‌ನಲ್ಲಿ ಇನ್ನೊಂದು. ದಿನಕ್ಕೆ 6 ಸಲಕ್ಕೆ ಕಡಿಮೆಯಿಲ್ಲದೆ ಒದ್ದೆ ಮಾಡಿ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬಂದರೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ.

14ನೇ ದಿನ ತಕ್ಕಡಿ ಹಿಡಿದು ಹೋದೆ. ಚಪ್ಪಲಿ ಬಿಡುವ ಮೊದಲೇ ಒಳಗಿಂದ ಅವ್ವ ಕೂಗಿದಳು, "ಇವತ್ತ ಹತ್ತ ಆಗ್ಯಾವ ನೋಡವಾ!"