ಕಂಪನಿ ಮಾರಿ ಪಂಚಾಯಿತಿಗೆ ನಿಂತೆ

2016ರಲ್ಲಿ ನನ್ನ ಸಾಫ್ಟ್‌ವೇರ್ ಕಂಪನಿ ಮಾರಿದಾಗ ಬಂದ ಹಣದಲ್ಲಿ ಒಂದು ಪಾಲನ್ನು ಊರಿನ ನೀರಿಗೆ ಅಂತ ತೆಗೆದಿಟ್ಟೆ. ನಮ್ಮೂರು ಮುಳಬಾಗಿಲು ತಾಲ್ಲೂಕಿನದು. ಕೊಳವೆಬಾವಿ 1,200 ಅಡಿ ಕೊರೆದರೆ ನೀರು, ಅದರಲ್ಲೂ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ನಮ್ಮ ಬಾವಿಯಲ್ಲಿ ಅದರ ದುಪ್ಪಟ್ಟಿನಷ್ಟಿತ್ತು. ಊರಿನ ಮಕ್ಕಳ ಹಲ್ಲಿನ ಕಂದು ಕಲೆ ಆ ನೀರಿನದೇ.

ಶುದ್ಧ ನೀರಿನ ಘಟಕ ಹಾಕಿಸಿದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಗಡಸು ನೀರಿಗೆ ಮೆಂಬ್ರೇನ್ (ನೀರು ಸೋಸುವ ಪೊರೆ) ಕಟ್ಟಿಕೊಂಡಿತು, ಕರೆಂಟ್ ಬಿಲ್ ಯಾರು ಕಟ್ಟಬೇಕೆಂದು ಜಗಳ ಶುರುವಾಯಿತು, ಬೇಸಿಗೆಗೆ ಬಾವಿಯೇ ಬತ್ತಿ ಘಟಕಕ್ಕೆ ಬೀಗ ಬಿತ್ತು. ಊರಿಗೆ ಹೋದಾಗ ನೀರುಗಂಟಿ ಅಂದರು: "ಮಿಷನ್ ನಿಮ್ದು ಸ್ವಾಮಿ, ಊರಿಂದಲ್ಲ. ಕೆರೆಗೆ ನೀರು ಬರೋ ಹಾಗೆ ಮಾಡಿ, ಬಾವಿ ತಾನಾಗೇ ತುಂಬ್ತದೆ."

ಕೆರೆಗೆ ನೀರು ತರುವ ರಾಜಕಾಲುವೆ ಒತ್ತುವರಿಯಾಗಿತ್ತು. ಅಲ್ಲಿ ನನ್ನ ದುಡ್ಡು ನಡೆಯುವಂತಿರಲಿಲ್ಲ. ಪಂಚಾಯಿತಿ ಠರಾವು ಮಾಡಬೇಕು, ತಾಲ್ಲೂಕು ಕಚೇರಿಯಿಂದ ಸರ್ವೆ ಆಗಬೇಕು, ಹೂಳೆತ್ತುವ ಕೆಲಸ ನರೇಗಾ ಕ್ರಿಯಾಯೋಜನೆಗೆ ಸೇರಬೇಕು. ಅರ್ಜಿ ಹಿಡಿದು ಎರಡು ವರ್ಷ ಅಲೆದ ಮೇಲೆ ಚುನಾವಣೆಗೆ ನಿಲ್ಲಲು ಮನಸ್ಸು ಮಾಡಿದೆ.

ಗೆಳೆಯರು ಬೇಡವೆಂದರು. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ 2009ರಲ್ಲಿ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್, 2014ರಲ್ಲಿ ಇನ್ಫೋಸಿಸ್‌ನ ನಂದನ್ ನಿಲೇಕಣಿ ಸೋತದ್ದನ್ನು ನೆನಪಿಸಿದರು. ನಿಲೇಕಣಿಯವರ ಪರವಾಗಿ ಜಯನಗರದಲ್ಲಿ ಮನೆಮನೆ ತಿರುಗಿದವನು ನಾನು. 2 ಲಕ್ಷಕ್ಕೂ ಹೆಚ್ಚು ಮತಗಳ ಆ ಸೋಲು ನನಗೂ ನೋವು ತಂದಿತ್ತು. ಆದರೆ ನನಗೆ ಬೇಕಿದ್ದದ್ದು ಲೋಕಸಭೆಯಲ್ಲ, ನಮ್ಮ ಕಾಲುವೆಯ ಮಾತು ನಡೆಯುವ ಜಾಗ.

ಮತದಾರರ ಪಟ್ಟಿಯಲ್ಲಿ ಹೆಸರನ್ನು ಊರಿಗೆ ಸೇರಿಸಿಕೊಂಡೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆಯಾದ್ದರಿಂದ ಮುಖ ನೋಡಿಯೇ ಮತ. ನಾನು ನೀರಿನ ಮಾತಾಡಿದರೆ ಜನ ಬೀದಿದೀಪ ಕೇಳಿದರು, ಮನೆ-ಸೈಟಿನ ಇ-ಸ್ವತ್ತು ದಾಖಲೆ ಕೇಳಿದರು. "ಗೆದ್ದ ಮೇಲೆ ಬೆಂಗಳೂರು ಬಿಟ್ಟು ಇಲ್ಲೇ ಇರ್ತೀಯೇನಪ್ಪಾ?" ಅಂತ ಒಬ್ಬ ಅಜ್ಜಿ ಕೈ ಹಿಡಿದು ಕೇಳಿದರು. ಇರ್ತೀನಿ ಅಂದೆ, ಇದ್ದೇನೆ. 31 ಮತಗಳಿಂದ ಗೆದ್ದೆ.

ಮೊದಲ ಸಭೆಗೆ ಕಂಪನಿಯ ಅಭ್ಯಾಸದಂತೆ ನಕ್ಷೆ, ಅಂದಾಜು, ತಿಂಗಳವಾರು ಗುರಿ ಎಲ್ಲ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಯಾರೂ ವಿರೋಧಿಸಲಿಲ್ಲ, ಯಾರೂ ಕೈ ಎತ್ತಲೂ ಇಲ್ಲ. ಕಂಪನಿಯಲ್ಲಿ ನಾನು ಹೇಳಿದ್ದು ಮರುದಿನದಿಂದ ಜಾರಿಯಾಗುತ್ತಿತ್ತು. ಇಲ್ಲಿ ಕಾಲುವೆಯ ಮೇಲೆ ರಾಗಿ ಬೆಳೆಯುವವನು ಒಬ್ಬ ಸದಸ್ಯರ ಷಡ್ಡಕ, ಇನ್ನೊಬ್ಬ ಸದಸ್ಯೆಯ ತವರಿನವನು. ಅದು ನನ್ನ ನಕ್ಷೆಯಲ್ಲಿ ಇರಲಿಲ್ಲ. ಅಂದಿನಿಂದ ಸಂಜೆ ಹೊತ್ತು ಆ ಮನೆಗಳಿಗೆ ಹೋಗಿ ಕೂರತೊಡಗಿದೆ. ಬೈಸಿಕೊಂಡೆ, ಕಾಫಿ ಕುಡಿದೆ, ಮತ್ತೆ ಹೋದೆ. ನಾಲ್ಕನೇ ಸಭೆಯಲ್ಲಿ ಠರಾವಾಯಿತು. ದುಡ್ಡಿನ ಕೊರತೆಯಂತೂ ಇರಲಿಲ್ಲ: ಕೂಲಿಗೆ ನರೇಗಾ ಇತ್ತು, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು-ನೈರ್ಮಲ್ಯಕ್ಕೇ ಮೀಸಲಾಗಿತ್ತು.

2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ನಮ್ಮದು ಅರ್ಧ ತುಂಬಿ ನಿಂತಿತು. ಕಾಲುವೆಯ ಕೊನೆಯ ತುಂಡು ಬಿಡಿಸಿರಲಿಲ್ಲ. ಸರ್ವೆಯವರು ಚೈನ್ ಎಳೆದು ಕಲ್ಲು ನೆಟ್ಟಾಗ ಅದರಲ್ಲಿ ಮೂರು ಗುಂಟೆ ನಮ್ಮ ಚಿಕ್ಕಪ್ಪನದು ಎಂದು ತಿಳಿಯಿತು. ಚಿಕ್ಕಪ್ಪ ಆ ಕಲ್ಲನ್ನೇ ನೋಡುತ್ತಾ ನಿಂತಿದ್ದರು. "ಓಟು ಹಾಕಿದ್ದು ಇದಕ್ಕೇನಾ?" ಅಂದರು. "ಹೌದು ಚಿಕ್ಕಪ್ಪ" ಅಂದೆ. ಆರು ತಿಂಗಳು ಮಾತು ಬಿಟ್ಟರು. ಮಾರನೇ ವರ್ಷ ಮಳೆಗೆ ಮುಂಚೆ ಒಂದು ಬೆಳಿಗ್ಗೆ ಅವರೇ ಆ ಮೂರು ಗುಂಟೆಯ ಬೇಲಿ ಕಿತ್ತು ಬದಿಗೆ ಹಾಕಿದ್ದರು.