ಅಮೆರಿಕದ ವಿದ್ಯಾರ್ಥಿ ವೀಸಾ: ಅರ್ಜಿಗೆ ಮೊದಲು ಹೆಸರನ್ನು ತಾಳೆ ನೋಡಿ

ಅಮೆರಿಕದಲ್ಲಿ ಓದಲು ಹೊರಟ ಮಕ್ಕಳ ಕಾಗದಪತ್ರಗಳನ್ನು ಹರಡಿಕೊಂಡು ಕೂತಾಗ ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಹಣದ ಚಿಂತೆಗಿಂತ ಮೊದಲು ಎದುರಾಗುವುದು ಹೆಸರಿನ ತೊಡಕು. ಊರಿನ ಜನನ ಪ್ರಮಾಣಪತ್ರದಲ್ಲಿ ಬರಿಯ ಹೆಸರೋ ಇನಿಷಿಯಲ್ ಸಹಿತದ ಹೆಸರೋ ಇರುತ್ತದೆ. ಮಹಾರಾಷ್ಟ್ರ ಬೋರ್ಡಿನ ಅಂಕಪಟ್ಟಿಯಲ್ಲಿ ಅಡ್ಡಹೆಸರು (ಸರ್‌ನೇಮ್) ಮೊದಲು, ಆಮೇಲೆ ವಿದ್ಯಾರ್ಥಿಯ ಹೆಸರು, ಕೊನೆಗೆ ತಂದೆಯ ಹೆಸರು ಬರುತ್ತದೆ. ಅಡ್ಡಹೆಸರಿನ ರೂಢಿಯೇ ಇಲ್ಲದವರು ಶಾಲೆಗೆ ಸೇರಿಸುವ ದಿನ ಆ ಜಾಗದಲ್ಲಿ ಊರಿನ ಹೆಸರನ್ನು ಬರೆಸಿರುವುದೂ ಉಂಟು.

ವೀಸಾ ವಿಷಯದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವುದೇ ಹೆಸರು. ಅದರಲ್ಲಿ ಅಡ್ಡಹೆಸರಿನ ಸಾಲು ಖಾಲಿಯಿದ್ದರೆ, ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿಯಲ್ಲಿ ಇಡೀ ಹೆಸರನ್ನು ಅಡ್ಡಹೆಸರಿನ ಜಾಗದಲ್ಲಿ ಬರೆದು, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿಯದು ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ತುಂಬಬೇಕು. ಇದು ಅಮೆರಿಕ ಸರ್ಕಾರದ್ದೇ ಪದ್ಧತಿಯಾದ್ದರಿಂದ ವೀಸಾಕ್ಕೆ ತೊಂದರೆಯಿಲ್ಲ. ಆದರೆ ಅಲ್ಲಿ ಬ್ಯಾಂಕು, ಚಾಲನಾ ಪರವಾನಗಿ ಎಲ್ಲಕ್ಕೂ ಆ ಮೂರು ಅಕ್ಷರಗಳೇ ಹೆಸರಾಗಿ ಅಂಟಿಕೊಳ್ಳುತ್ತವೆ. ಆದ್ದರಿಂದ ಸಮಯವಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಇದನ್ನು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮೊದಲೇ ಮಾಡಬೇಕು. ನನ್ನ ತಂಗಿಯ ಮಗ ಪಾಸ್‌ಪೋರ್ಟಿನಲ್ಲಿ ಇಲ್ಲದ ಊರಿನ ಹೆಸರನ್ನು ಪ್ರವೇಶದ ಅರ್ಜಿಯಲ್ಲಿ ಬರೆದಿದ್ದರಿಂದ ಪ್ರವೇಶ ಕೊಟ್ಟ ವಿಶ್ವವಿದ್ಯಾಲಯ ವೀಸಾಕ್ಕಾಗಿ ಕಳಿಸುವ ಐ-20 ಪತ್ರವೂ ಹಾಗೆಯೇ ಬಂತು. ಅದನ್ನು ತಿದ್ದಿಸಿ ತರಿಸುವವರೆಗೆ ಮನೆಯವರೆಲ್ಲ ನಿದ್ದೆಗೆಟ್ಟೆವು.

ಐ-20 ಸರಿಯಾಗಿ ಕೈಸೇರಿದ ಮೇಲೆ ಸೆವಿಸ್‌ಗೆ, ಅಂದರೆ ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಗೆ, 350 ಡಾಲರ್ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅನಂತರ ಡಿಎಸ್-160 ತುಂಬಿ, ವೀಸಾ ಶುಲ್ಕ ಕಟ್ಟಿ, ಬೆರಳಚ್ಚಿಗೂ ಸಂದರ್ಶನಕ್ಕೂ ಬೇರೆ ಬೇರೆ ಸಮಯ ಗೊತ್ತುಮಾಡಿಕೊಳ್ಳಬೇಕು. ಕೈಯಲ್ಲಿರುವ ಡಿಎಸ್-160 ಪ್ರತಿಯ ಸಂಖ್ಯೆ ಸಂದರ್ಶನ ಕಾಯ್ದಿರಿಸುವಾಗ ಕೊಟ್ಟ ಸಂಖ್ಯೆಯೇ ಆಗಿರಲಿ.

ಹಣದ ದಾಖಲೆಯಲ್ಲಿ ಐ-20 ತೋರಿಸುವ ಮೊದಲ ವರ್ಷದ ವೆಚ್ಚಕ್ಕೆ ಸಾಲುವಷ್ಟು ಬ್ಯಾಂಕ್ ಠೇವಣಿ ಅಥವಾ ಮಂಜೂರಾದ ಶಿಕ್ಷಣ ಸಾಲ ಸ್ಪಷ್ಟವಾಗಿ ಕಾಣಬೇಕು. ಊರಿನ ಹೊಲದ ಪಹಣಿಯನ್ನು ಇಂಗ್ಲಿಷ್ ಅನುವಾದದೊಂದಿಗೆ ಇಟ್ಟುಕೊಳ್ಳಬಹುದು, ಆದರೆ ಶುಲ್ಕ ಕಟ್ಟಲು ಅದು ಕೈಯಲ್ಲಿರುವ ದುಡ್ಡಲ್ಲ.

ಮುಂಬೈಯಲ್ಲಿ ಸಂದರ್ಶನ ನಡೆಯುವುದು ಬಾಂದ್ರಾ-ಕುರ್ಲಾ ಸಂಕೀರ್ಣದ ಅಮೆರಿಕ ದೂತಾವಾಸದಲ್ಲಿ. ಪುಣೆಯವರೂ ಸಾಮಾನ್ಯವಾಗಿ ಅಲ್ಲಿಗೇ ಬರುತ್ತಾರೆ. ಒಳಗೆ ಮೊಬೈಲಿಗೆ ಅವಕಾಶವಿಲ್ಲವಾದ್ದರಿಂದ ಮಕ್ಕಳ ಜೊತೆ ಒಬ್ಬರು ಹೋಗಿ ಹೊರಗೆ ನಿಲ್ಲುವುದು ಒಳ್ಳೆಯದು. ಅಮೆರಿಕದ ವಲಸೆ ಕಾನೂನಿನ 214(ಬಿ) ವಿಧಿಯ ಪ್ರಕಾರ ಅರ್ಜಿದಾರ ಅಲ್ಲೇ ನೆಲೆಸಲು ಹೊರಟವನೆಂದೇ ಅಧಿಕಾರಿ ಮೊದಲು ಭಾವಿಸಬೇಕಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ವಿದ್ಯಾರ್ಥಿಯದು. ಈ ಕೋರ್ಸೇ ಏಕೆ, ಓದಿನ ನಂತರ ಏನು ಎಂಬುದಕ್ಕೆ ಉರುಹೊಡೆದ ಮಾತಿನ ಬದಲು ತನ್ನದೇ ನಿಜವಾದ ಉತ್ತರ ಎರಡು ವಾಕ್ಯದಲ್ಲಿ ಬಂದರೆ ಸಾಕು.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂದ ದಿನವೇ ಅದರಲ್ಲಿನ ಹೆಸರು, ಜನ್ಮದಿನಾಂಕ, ಸೆವಿಸ್ ಸಂಖ್ಯೆಗಳನ್ನು ಐ-20ರ ಜೊತೆ ಮತ್ತೊಮ್ಮೆ ತಾಳೆ ನೋಡಿ. ಐ-20ರಲ್ಲಿರುವ ಆರಂಭದ ದಿನಾಂಕಕ್ಕಿಂತ 30 ದಿನಕ್ಕೂ ಮೊದಲು ಆ ದೇಶ ಪ್ರವೇಶಿಸಲು ಬಿಡುವುದಿಲ್ಲವಾದ್ದರಿಂದ ವಿಮಾನದ ಟಿಕೆಟನ್ನು ಆ ಲೆಕ್ಕ ಹಾಕಿಯೇ ತೆಗೆಸಿ.